ಇಳಿಯುವಷ್ಟು ಜಾಗ

ಮೂರು ಸ್ಕ್ರೂಗಳು ಅವಳ ಅಂಗೈಯಲ್ಲಿದ್ದವು. ನಾಲ್ಕನೆಯದು ಜಪ್ಪಯ್ಯ ಅಂದರೂ ಕದಲಲಿಲ್ಲ. ಮೇಜಿನ ಕೆಳಗೆ ಇನ್ನಷ್ಟು ತೂರಿಕೊಂಡು, ಕಂಪ್ಯೂಟರಿನ ಕರಿಯ ಕ್ಯಾಬಿನೆಟ್ಟಿಗೆ ಮೊಣಕಾಲು ಕೊಟ್ಟು, ಸ್ಕ್ರೂಡ್ರೈವರಿನ ಮೇಲೆ ಮೈಭಾರವನ್ನೆಲ್ಲ ಹೇರಿ ತಿರುಗಿಸಿದಳು. ತುದಿ ಜಾರಿತು. ಪಕ್ಕದ ಗಾಜಿನ ಮೇಲೆ ಬಿಳಿಯ ಗೀರು ಬಿತ್ತು, ಅವಳ ಹೆಬ್ಬೆರಳಿನ ಚರ್ಮವೂ ಸುಲಿಯಿತು. ಲಾರಿಯ ಚಕ್ರಕ್ಕೆ ನಟ್ಟು ಬಿಗಿದ ಹಾಗೆ ಬಿಗಿದಿದ್ದ ಅಪ್ಪ.

"ಪುಟ್ಟೀ! ಎಲ್ಲಿ ಮಾಯವಾದ್ಲು ಇವಳು?"

ನಡುಮನೆಯಿಂದ ಅತ್ತೆಯ ದನಿ. ಅಪ್ಪನ ತಂಗಿ. ಮೂವತ್ತು ವರ್ಷ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ದನಿ ಏರಿಸದೆಯೇ ಮೂರು ಮಹಡಿಗೆ ಕೇಳಿಸಬಲ್ಲಳು. ಬಾಗಿಲು ತಳ್ಳಿಕೊಂಡು ಬಂದು, ಮೇಜಿನ ಕೆಳಗಿನಿಂದ ಹೊರಚಾಚಿದ್ದ ಎರಡು ಪಾದಗಳನ್ನು ನೋಡಿ ನಿಂತಳು.

"ಅಲ್ಲ ಕಣೇ, ಹೊರಗೆ ನಿಮ್ಮಪ್ಪನ್ನ ಮಲಗಿಸಿದಾರೆ. ಒಳಗೆ ನೀನು ರಿಪೇರಿ ಅಂಗಡಿ ತೆಗೆದಿದೀಯಾ?"

"ಒಂದು ನಿಮಿಷ ಅತ್ತೆ."

"ಬೆಳಿಗ್ಗೆಯಿಂದ ಇದು ಎಷ್ಟನೇ ಒಂದು ನಿಮಿಷ? ಬಂದವರೆಲ್ಲ ಮಗಳೆಲ್ಲಿ ಮಗಳೆಲ್ಲಿ ಅಂತಿದಾರೆ. ನಾನು ಏನು ಹೇಳ್ಲಿ, ಕಂಪ್ಯೂಟರ್ ಬಿಚ್ತಾ ಇದಾಳೆ ಅಂತ ಹೇಳ್ಲಾ?"

"ಇದು ಸುಟ್ಟಿದೆಯಾ ಇಲ್ವಾ ನೋಡ್ಬೇಕು."

"ಸುಟ್ಟಿದ್ರೇನು ಬಿಟ್ಟಿದ್ರೇನು, ಇವತ್ತು!"

ಇವತ್ತೇ ಗೊತ್ತಾಗಬೇಕಿತ್ತು. ಗುರುವಾರ ಇದು ಓಡಿತ್ತು ಎಂದು ಅಪ್ಪ ಹೇಳಿದ್ದ. ಸುಳ್ಳು ಎಂದು ಅವಳು ಹೇಳಿದ್ದಳು. ಮಾರನೆಯ ಬೆಳಿಗ್ಗೆ ವಾರಂಟಿ ಕಾರ್ಡುಗಳ ಕವರನ್ನು ಕಂಕುಳಲ್ಲಿ ಇಟ್ಟುಕೊಂಡು ಅಪ್ಪ ಕಂಪ್ಯೂಟರ್ ಅಂಗಡಿಗೆಂದು ಬಸ್ಸು ಹತ್ತಿದ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು, ಅವನು ಇಳಿಯಲಿಲ್ಲ. ಡ್ರೈವರಿನ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತೇ ಇದ್ದ. ಎರಡು ಗಂಟೆಗೆ ಅವನನ್ನು ಒಯ್ಯಲು ವ್ಯಾನು ಬರುತ್ತದೆ. ಅದಕ್ಕೂ ಮುಂಚೆ ಗೊತ್ತಾಗಬೇಕು. ಆಮೇಲೆ ಗೊತ್ತಾದರೆ ಹೇಳುವುದಕ್ಕೆ ಅಪ್ಪ ಇರುವುದಿಲ್ಲ. ಈಗಲೂ ಇಲ್ಲ, ನಿಜ. ಆದರೂ ನಡುಮನೆಯಲ್ಲಿದ್ದಾನಲ್ಲ.

ಅವಳು ಗಾಜಿಗೆ ಹಣೆ ಒತ್ತಿ ಒಳಗೆ ಇಣುಕಿದಳು. ಕತ್ತಲು. ಚಿಕ್ಕವಳಿದ್ದಾಗ ಅಜ್ಜಿ ಹೇಳುತ್ತಿದ್ದ ಕತೆಗಳಲ್ಲಿ ರಾಕ್ಷಸನ ಪ್ರಾಣ ರಾಕ್ಷಸನ ಮೈಯಲ್ಲಿ ಇರುತ್ತಲೇ ಇರಲಿಲ್ಲ. ಏಳು ಕೋಟೆ ದಾಟಿ, ಯಾವುದೋ ಪೊಟರೆಯ ಯಾವುದೋ ಡಬ್ಬಿಯಲ್ಲಿ, ಯಾರ ಕಣ್ಣಿಗೂ ಬೀಳದಷ್ಟು ಸಣ್ಣದಾಗಿ ಇರುತ್ತಿತ್ತು. ಇದರ ಪ್ರಾಣ ಎಲ್ಲಿ ಸಿಕ್ಕಿಕೊಂಡಿದೆಯೋ.

"ಎದ್ದು ಮುಖ ತೊಳ್ಕೊ," ಅಂದಳು ಅತ್ತೆ. ಈ ಸಲ ದನಿ ಮೆತ್ತಗಿತ್ತು. "ಬೆರಳಲ್ಲಿ ರಕ್ತ ಬರ್ತಿದೆ."

*

ಅವಳಿಗೆ ಕನ್ನಡಕದ ಅಂಗಡಿಯ ಹಿಂಬದಿಯಲ್ಲಿ ಕೆಲಸ. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು. ಮೂರು ವರ್ಷದ ಹಿಂದೆ ಒಂದು ದಿನ ಊಟದ ಮೇಜಿನ ಮೇಲೆ ಅಪ್ಪನ ಬಲಗಡೆ ನೀರಿನ ಲೋಟ ಇಟ್ಟಳು. ಅಪ್ಪ ಅದನ್ನು ಕೆಡವಿದ. ಮಾರನೆಯ ದಿನ ಎಡಗಡೆ ಇಟ್ಟಳು. ಅದನ್ನೂ ಕೆಡವಿದ.

"ನಾಳೆ ಅಂಗಡಿಗೆ ಬಾ ಅಪ್ಪ."

"ಡಿಪೋದಲ್ಲಿ ಡ್ರೈವರ್‌ಗಳ ಕಣ್ಣು ವರ್ಷಾ ವರ್ಷಾ ನೋಡ್ತಾರೆ ಮಗಾ. ಫಸ್ಟ್ ಕ್ಲಾಸ್ ಇದೆ ಅಂತಾರೆ."

ಬಂದ. ಕುರ್ಚಿಯಲ್ಲಿ ಕೂತು, ಗೋಡೆಯ ಮೇಲಿನ ಅಕ್ಷರಗಳನ್ನು ಐದನೇ ಸಾಲಿನವರೆಗೆ ಗಡಗಡನೆ ಓದಿದ. ಎಷ್ಟು ಗಡಗಡನೆ ಎಂದರೆ, ಆರನೇ ಸಾಲು ಅವಳು ಕೇಳದೆಯೇ ಬಂತು. ಅವಳು ಆ ಚಾರ್ಟನ್ನು ತೆಗೆದು, ಬೀರುವಿನಿಂದ ಇನ್ನೊಂದನ್ನು ತಂದು ನೇತುಹಾಕಿದಳು.

ಅಪ್ಪ ಬಹಳ ಹೊತ್ತು ನೋಡಿದ. ಅವನ ಬಲಗಾಲು ನೆಲವನ್ನು ಒತ್ತುತ್ತಿತ್ತು, ಬ್ರೇಕು ಹಿಡಿದ ಹಾಗೆ.

"ಇದು ಬೇರೆ," ಅಂದ.

"ಹೌದಪ್ಪ. ಬೇರೆ."

"ಡಿಪೋದಲ್ಲಿ ಹಳೇದೇ ಇದೆ."

"ಎಷ್ಟು ವರ್ಷದಿಂದ ಬಾಯಿಪಾಠ?"

ಅವತ್ತೇ ಅವನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಕಣ್ಣಿನೊಳಗಿನ ಒತ್ತಡ ಅಂದರು, ಎರಡೂ ಬದಿಯಿಂದ ಕತ್ತಲು ಮುಚ್ಚಿಕೊಂಡು ಬರುತ್ತಿದೆ ಅಂದರು, ನಡುವೆ ಒಂದು ತಟ್ಟೆಯಷ್ಟು ಜಾಗ ಮಾತ್ರ ಉಳಿದಿದೆ, ಅದೂ ಮಸುಕು ಅಂದರು. ವಾಪಸು ಬರುವಾಗ ಮನೆಯ ಮೆಟ್ಟಿಲಲ್ಲಿ ಅವಳೇ ಕೇಳಿದಳು.

"ಡಿಪೋಗೆ ನೀನು ಹೇಳ್ತೀಯಾ, ನಾನು ಹೇಳ್ಲಾ?"

"ಯಾರಿಗೂ ಒಂದು ಗೀರು ಬಿದ್ದಿಲ್ಲ ಮಗಾ. ಮೂವತ್ತೊಂದು ವರ್ಷ."

"ಬೀಳೋವರೆಗೂ ಕಾಯೋದಾ?"

ಅವನೇ ಹೋಗಿ ಹೇಳಿದ. ಮರುದಿನ ಮಧ್ಯಾಹ್ನ ಮನೆಗೆ ಬಂದವನ ಕೈಯಲ್ಲಿ ಕನ್ನಡಿ ಒರೆಸುವ ಹಳದಿ ಬಟ್ಟೆಯೊಂದೇ ಇತ್ತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಮನೆಯ ತುಂಬ ಓಡಾಡಿದ. ಅವತ್ತು ಶುರುವಾದ ಓಡಾಟ ಆಮೇಲೆ ನಿಲ್ಲಲೇ ಇಲ್ಲ. ಅಡುಗೆಮನೆಗೆ ಹೋಗುವನು, ಬರುವನು, ಬಾಲ್ಕನಿಯಿಂದ ತನ್ನ ಹದಿನಾರನೇ ನಂಬರಿನ ಬಸ್ಸು ಬಂತೇ ಎಂದು ನೋಡುವನು, ಎರಡು ನಿಮಿಷ ತಡವಾದರೆ ಯಾರ ಡ್ಯೂಟಿ ಎಂದು ಬೈಯುವನು. ಟಿವಿ ಮುಂದೆ ಕೂತರೂ ಕಾಲುಗಳು ಕ್ಲಚ್ಚು ಒತ್ತುತ್ತಿದ್ದವು, ಎಡಗೈ ಸೋಫಾದ ದಿಂಬಿನಲ್ಲಿ ಗೇರು ಬದಲಿಸುತ್ತಿತ್ತು.

*

"ಈ ಕಾಲು ಸುಮ್ನೆ ಇದ್ದದ್ದನ್ನ ನಾನು ನೋಡೇ ಇರಲಿಲ್ಲ," ಎಂದು ಚಿಲ್ಲರೆ ಮಾವ ಹೇಳುತ್ತಿದ್ದ.

ಅಪ್ಪನ ಜೊತೆ ಇಪ್ಪತ್ತೆರಡು ವರ್ಷ ಅದೇ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಯಾವ ಪ್ರಯಾಣಿಕರು ಏನು ಕೊಟ್ಟರೂ 'ಚಿಲ್ಲರೆ ಇಲ್ವಾ' ಎಂದೇ ಮಾತು ಶುರುಮಾಡುತ್ತಿದ್ದುದರಿಂದ ಡಿಪೋದಲ್ಲಿ ಅವನಿಗೆ ಆ ಹೆಸರು. ಅವಳೂ ಹಾಗೆಯೇ ಕರೆಯುತ್ತಿದ್ದಳು. ಒಳ್ಳೆಯ ಆಳು, ಒಂದೂವರೆ ಸೀಟಿನ ದೇಹ. ಮಂಚದ ಕಾಲುಗಡೆ ಮಡಚುವ ಕುರ್ಚಿಯಲ್ಲಿ ಕೂತು, ಬಿಳಿ ಬಟ್ಟೆ ಹೊದ್ದ ಪಾದಗಳ ಕಡೆ ನೋಡುತ್ತಿದ್ದ.

"ಪಾದರಸ ಅಂತ ಸುಮ್ನೆ ಕರೀತಿದ್ವಾ?" ಎಂದ ಪಕ್ಕದಲ್ಲಿದ್ದ ನಿವೃತ್ತ ಡ್ರೈವರ್. "ಹತ್ತು ನಿಮಿಷ ಗಾಡಿ ನಿಂತ್ರೆ ನಾವೆಲ್ಲ ಟೀ ಕುಡಿಯೋಕೆ ಓಡ್ತಿದ್ವಿ. ಇವನು ಬಸ್ಸಿನ ಸುತ್ತ ಪ್ರದಕ್ಷಿಣೆ. ಟೈರಿಗೊಂದು ಒದೆ, ಕನ್ನಡಿಗೊಂದು ಒರೆತ."

"ಬರೀ ಟೈರ್ ಒದ್ದಿದ್ರೆ ಆಗ್ತಿತ್ತು. ಒಂದಿನ ನನ್ನ ಕಾಲಿಗೆ ಒದ್ದ."

"ನಿನ್ನ ಕಾಲನ್ನ ಟೈರ್ ಅಂದ್ಕೊಂಡಿರ್ತಾನೆ ಬಿಡು."

ಇಬ್ಬರೂ ನಕ್ಕರು. ನಕ್ಕು, ಮಂಚದ ಕಡೆ ನೋಡಿ ಬಾಯಿ ಮುಚ್ಚಿಕೊಂಡರು. ಅವಳು ನೀರಿನ ಲೋಟಗಳ ತಟ್ಟೆ ಹಿಡಿದು ಬಂದಳು. ಎಲ್ಲರಿಗೂ ಕೊಟ್ಟು ಮುಗಿದ ಮೇಲೂ ಕೂರಲಿಲ್ಲ. ಬಾಲ್ಕನಿಗೆ ಹೋದಳು, ಬಂದಳು, ಗೋಡೆ ಗಡಿಯಾರ ನೋಡಿದಳು. ಹನ್ನೆರಡೂಕಾಲು.

"ಕೂತ್ಕೊ ಮಗಳೇ," ಅಂದ ಚಿಲ್ಲರೆ ಮಾವ. "ನೀನೂ ಅವನ ಹಾಗೇ ಆದ್ಯಲ್ಲ."

ಅವಳು ಕುರ್ಚಿಯ ತುದಿಗೆ ಕೂತಳು.

"ಮಾವ, ಅಪ್ಪ ನಿಮಗೆ ಗುರುವಾರ ಫೋನ್ ಮಾಡಿದ್ನಾ?"

"ಇಲ್ವಲ್ಲ. ಯಾಕೆ?"

"ಸುಮ್ನೆ ಕೇಳ್ದೆ."

"ಹೋದ ವಾರ ಮಾಡಿದ್ದ. 'ಭಾನುವಾರ ಗಾಡಿ ರೋಡಿಗೆ ಇಳಿಯುತ್ತೆ ಕಣೋ, ನೀನು ಬರ್ಬೇಕು, ಕಂಡಕ್ಟರ್ ಇಲ್ದೆ ನಾನು ಹೊರಡಲ್ಲ' ಅಂದ. ನಂಗೆ ಅರ್ಥ ಆಗ್ಲಿಲ್ಲ. ಕಣ್ಣಿಲ್ದೆ ಇವನು ಯಾವ ಗಾಡಿ ತಗೊಂಡ ಅಂತ ಗಾಬರಿ ಆಯ್ತು. ಆಮೇಲೆ ಹೇಳಿದ, ಕಂಪ್ಯೂಟರಿನ ಬಸ್ಸು ಅಂತ." ಅವನು ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡ. "ಭಾನುವಾರ ಬಂದಿದೀನಿ ನೋಡು."

ಅವಳು ಎದ್ದು ಮತ್ತೆ ಒಳಕೋಣೆಗೆ ಹೋದಳು. ಮೇಜಿನ ಅಂಚಿಗೆ ಬಿಗಿದಿದ್ದ ಸ್ಟೀರಿಂಗಿನ ಮೇಲೆ ಹಳದಿ ಬಟ್ಟೆ ನೇತಾಡುತ್ತಿತ್ತು. ಬಗ್ಗಿ ಕಂಪ್ಯೂಟರಿನ ಬಟನ್ ಒತ್ತಿದಳು. ಇನ್ನೊಂದು ಸಲ ಒತ್ತಿದಳು. ಬೆಳಿಗ್ಗೆಯಿಂದ ಎಷ್ಟು ಸಲ ಒತ್ತಿದ್ದಳೋ ಅಷ್ಟೂ ಸಲದ ಹಾಗೆ, ಏನೂ ಆಗಲಿಲ್ಲ.

*

ಆಸೆ ಹುಟ್ಟಿಸಿದವಳು ಅವಳೇ. ಬಸ್ಸು ಓಡಿಸುವ ಆಟವೊಂದಿದೆ, ಸಿಗ್ನಲ್ಲು, ಸ್ಟಾಪು, ಪ್ರಯಾಣಿಕರು ಎಲ್ಲ ಇರುತ್ತಾರೆ ಎಂದು ಫೋನಿನಲ್ಲಿ ತೋರಿಸಿದಾಗ ಅಪ್ಪ ಫೋನನ್ನು ಮೂಗಿನ ಹತ್ತಿರ ಹಿಡಿದು ಅರ್ಧ ಗಂಟೆ ಅಲ್ಲಾಡದೆ ಕೂತಿದ್ದ. ಅಲ್ಲಾಡದೆ! ಅವಳಿಗೆ ಅಷ್ಟು ಸಾಕಾಯಿತು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಕಂಪ್ಯೂಟರು ಬೇಡ, ಬಿಡಿ ಭಾಗಗಳನ್ನು ನಾವೇ ಆರಿಸಿ ಜೋಡಿಸೋಣ ಎಂದವನು ಅಪ್ಪ. "ಕಂಪನಿಯವರು ಬಾನೆಟ್ ತೆಗೆಯೋಕೆ ಬಿಡಲ್ಲ ಮಗಾ."

ಕಂಪ್ಯೂಟರ್ ಅಂಗಡಿ ಒಂದು ಹಳೆಯ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ನಡೆಸುವವಳು ನಲವತ್ತರ ಹೆಂಗಸು. ಕತ್ತಿನಲ್ಲಿ ಸದಾ ಪುಟ್ಟ ಟಾರ್ಚು. ತೀರ ಅಗ್ಗದ್ದೂ ಬೇಡ, ತೀರ ಮೇಲಿನದೂ ಬೇಡ, ನಡುವಿನದು ಸಾಕು ಎಂದು ಮಗಳು ಶುರುಮಾಡಿದಳು.

"ನಡುವಿನದೇ ಕಷ್ಟ," ಅಂದಳು ಅಂಗಡಿಯವಳು. "ಅಗ್ಗದ್ದಾದ್ರೆ ಆರಿಸೋಕೆ ಏನೂ ಇರಲ್ಲ. ಮೇಲಿನದಾದ್ರೆ ಎಲ್ಲ ತಗೊಂಡು ಹೋಗಬಹುದು. ನಡುವಿನದರಲ್ಲಿ ಒಂದು ಬೇಕು ಅಂದ್ರೆ ಇನ್ನೊಂದು ಬಿಡ್ಬೇಕು. ಈ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಬೇಕಾ, ಪ್ರೊಸೆಸರ್ ಚಿಕ್ಕದು ಮಾಡಿ."

"ಕಾರ್ಡ್ ಏನು ಮಾಡುತ್ತೆ?" ಅಪ್ಪ ಕೇಳಿದ.

"ಚಿತ್ರ ಬಿಡಿಸುತ್ತೆ ಸಾರ್. ಮರದ ಎಲೆ, ನೆರಳು, ರಸ್ತೆ ಮೇಲಿನ ನೀರಿನ ಹೊಳಪು."

"ಪ್ರೊಸೆಸರ್ರು?"

"ಅದು ಲೆಕ್ಕಾಚಾರದ್ದು. ಎಷ್ಟು ಗಾಡಿ ಬರಬೇಕು, ಜನ ಎಲ್ಲಿ ದಾಟಬೇಕು, ಯಾರು ಯಾವ ಸ್ಟಾಪಲ್ಲಿ ಹತ್ತಬೇಕು."

"ಹಾಗಾದ್ರೆ ಪ್ರೊಸೆಸರ್ ದೊಡ್ಡದಿರಲಿ. ರಸ್ತೇಲಿ ಜನ ಇರಬೇಕು. ಜನ ಇಲ್ಲದ ರಸ್ತೇಲಿ ಯಾರು ಬೇಕಾದ್ರೂ ಓಡಿಸ್ತಾರೆ."

"ಅಪ್ಪ, ಎಲೆಗಳು ಮಸುಕಾಗಿ ಕಾಣುತ್ತೆ ಆಮೇಲೆ."

"ನಾನು ಯಾವತ್ತು ಎಲೆ ನೋಡ್ಕೊಂಡು ಗಾಡಿ ಓಡಿಸಿದೀನಿ?"

ಅಂಗಡಿಯವಳು ನಕ್ಕು ನಡುವಿನ ದರ್ಜೆಯ ಕಾರ್ಡನ್ನು ಮುಂದಿಟ್ಟಳು. ಒಂದೇ ದೊಡ್ಡ ರ‍್ಯಾಮಿಗಿಂತ ಎರಡು ಸಣ್ಣವನ್ನು ಜೋಡಿ ಹಾಕಿದರೆ ವೇಗ ಹೆಚ್ಚು ಎಂದಾಗ ಅಪ್ಪ ಥಟ್ಟನೆ ಒಪ್ಪಿದ: ಬಸ್ಸಿಗೂ ಹಿಂದಿನ ಚಕ್ರ ಜೋಡಿಯೇ. ಮೂತಿಗೆ ಗಾಜು ಹೊದಿಸಿದ, ಏಳು ಬಣ್ಣದ ದೀಪ ಉರಿಯುವ ಕ್ಯಾಬಿನೆಟ್ಟನ್ನು ತೋರಿಸಿದಾಗ, "ಇದೇನು ಮದುವೆ ಬಸ್ಸಾ?" ಅಂದ. "ಮುಂದೆ ಜಾಲರಿ ಇರೋದು ಕೊಡಿ. ರೇಡಿಯೇಟರ್‌ಗೆ ಗಾಳಿ ಬೇಡ್ವಾ?"

ಜಗಳ ಬಂದದ್ದು ಮಾನಿಟರಿನ ಹತ್ತಿರ. ಮಗಳು ಒಂದು ತೋಳಿನಗಲದ, ಬಾಗಿದ ಪರದೆಯ ಮುಂದೆ ನಿಂತಿದ್ದಳು. ಅದರಲ್ಲಿ ರಸ್ತೆ ಇಡೀ ಗೋಡೆಗೆ ಹರಡಿತ್ತು. ಅಪ್ಪ ಮೂಲೆಯ ಚಿಕ್ಕದನ್ನು ಕೈತೋರಿಸಿದ.

"ಅಷ್ಟು ಚಿಕ್ಕದಾ? ಬೇರೆ ಎಲ್ಲದರಲ್ಲೂ ಬಿಟ್ಟುಕೊಟ್ಟಿದೀನಿ, ಇದೊಂದು ನನ್ನ ಮಾತು ಕೇಳಪ್ಪ."

ಅಪ್ಪ ಅಂಗಡಿಯವಳಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದ. "ಅದರ ಅಂಚು ನಂಗೆ ಕಾಣಲ್ಲ ಮಗಾ. ಚಿಕ್ಕದರಲ್ಲಿ ಎರಡೂ ಕನ್ನಡಿ ಒಳಗೇ ಬರುತ್ತೆ."

ಅವಳು ಚಿಕ್ಕ ಪರದೆಯ ಎದುರು ಹೋಗಿ ನಿಂತು, ಅಂಗೈಗಳನ್ನು ಕಣ್ಣಿನ ಎರಡೂ ಬದಿಗೆ ಹಿಡಿದುಕೊಂಡು ನೋಡಿದಳು. ಹೌದು. ಎಲ್ಲವೂ ಒಳಗೇ ಬರುತ್ತಿತ್ತು.

ಅವಳು ಹಾಗೆ ನಿಂತಿದ್ದಾಗ ಹಿಂದೆ ಅಪ್ಪ ಕಂಪ್ಯೂಟರಿಗೆ ಕರೆಂಟು ಕೊಡುವ ಪವರ್ ಸಪ್ಲೈ ಪೆಟ್ಟಿಗೆಗಳನ್ನು ಒಂದೊಂದಾಗಿ ತಿರುವಿ, ಅವುಗಳ ಬೆನ್ನನ್ನು ಬೆರಳಿನಿಂದ ಸವರುತ್ತಿದ್ದ. ಟಕ್, ಟಕ್ ಎಂದು ಏನೋ ಸದ್ದು ಬಂತು. "ಇದೇ ಇರಲಿ," ಅಂದ. ಯಾಕೆಂದು ಅವಳು ಕೇಳಲಿಲ್ಲ. ಹಳೆಯ ಸ್ಟೀರಿಂಗ್ ಒಂದನ್ನು ಅಂಗಡಿಯವಳು ಅಟ್ಟದಿಂದ ಇಳಿಸಿ ದೂಳು ಕೊಡವಿದಳು. ಆಟವನ್ನೂ ತಾನೇ ತುಂಬಿಸಿ ಕೊಡುತ್ತೇನೆ, ಮನೆಯಲ್ಲಿ ಜೋಡಿಸಿ ಬಟನ್ ಒತ್ತಿದರೆ ಸಾಕು ಅಂದಳು.

*

ವ್ಯಾನು ಒಂದು ಗಂಟೆಗೇ ಬಂದುಬಿಟ್ಟಿತು. ಅತ್ತೆ ಬಾಲ್ಕನಿಯಿಂದ ಬಗ್ಗಿ ನೋಡಿ, "ಬೇಗ ಬಂದ್ರೆ ನಾವು ಬೇಗ ಕಳಿಸ್ಬೇಕಾ?" ಎಂದು ಗಾಳಿಯನ್ನೇ ಗದರಿದಳು. ಕೆಳಗೆ ಡಿಪೋದವರೆಲ್ಲ ಆಗಲೇ ವ್ಯಾನನ್ನು ಸುತ್ತುವರಿದಿದ್ದರು. ಮಗಳು ಬಾಡಿಗೆ ಕುರ್ಚಿಗಳನ್ನು ಲೆಕ್ಕ ಹಾಕುವ ನೆಪ ಮಾಡಿಕೊಂಡು ಮೆಟ್ಟಿಲಿಳಿದಳು. ಮೇಲೆ ಆ ಕೋಣೆ ಎಳೆಯುತ್ತಿತ್ತು, ಕೆಳಗೆ ಈ ಗದ್ದಲ. ಎಲ್ಲಿಯೂ ನಿಲ್ಲಲಾಗುತ್ತಿರಲಿಲ್ಲ.

"ಮಾರ್ಕೆಟ್ ಕಡೆಯಿಂದ ಹೋಗು," ಒಬ್ಬ ಹೇಳುತ್ತಿದ್ದ.

"ಭಾನುವಾರ ಮಾರ್ಕೆಟ್ಟಾ? ಸ್ಟೇಷನ್ ಹಿಂದಿನಿಂದ ಹೋಗಲಿ, ಹದಿನಾರನೇ ನಂಬರಿನ ರೂಟೇ ಅದು. ಒಂದು ಸುತ್ತು ಆಗಲಿ ಅವನಿಗೆ."

"ಆ ರೂಟಲ್ಲಿ ಹೋದ್ರೆ ಪ್ರತಿ ಸ್ಟಾಪಲ್ಲೂ ಎದ್ದು ಕೂತ್ಕೊತಾನೆ."

"ಸಾರ್," ಅಂದ ವ್ಯಾನಿನ ಡ್ರೈವರ್, ಕೈಮುಗಿದು, "ನಾನು ಓಡಿಸ್ಲಾ, ಇಲ್ಲ ನೀವೇ ಓಡಿಸ್ತೀರಾ?"

ಚಿಲ್ಲರೆ ಮಾವನಿಗೆ ರೂಟಿನ ಚಿಂತೆ ಇರಲಿಲ್ಲ. ವ್ಯಾನಿನ ಪಕ್ಕದಲ್ಲಿ ನಿಂತು ಅದಕ್ಕೂ ಕಾಂಪೌಂಡಿಗೂ ನಡುವಿನ ಸಂದಿಯನ್ನು ನೋಡುತ್ತಿದ್ದ. "ಗೋಡೆಗೆ ಅಂಟಿಸಿದೀಯಲ್ಲಪ್ಪ. ಈ ಕಡೆಯಿಂದ ಹಿಡಿಯೋರು ಎಲ್ಲಿ ನಿಲ್ಬೇಕು? ಎಲ್ಲ ಡ್ರೈವರ್‌ಗಳೂ ಇಷ್ಟೇ. ತನ್ನ ಬಾಗಿಲು ತೆರೆದ್ರೆ ಆಯ್ತು, ಆ ಕಡೆ ಇರೋನು ಹಲ್ಲಿ ಥರ ಗೋಡೆ ಹಿಡ್ಕೊಂಡು ಇಳೀಲಿ."

"ನೀನು ಹಲ್ಲಿನಾ?" ಅಂದ ಯಾರೋ.

"ಅದಕ್ಕೇ ಹೇಳಿದ್ದು! ಡಿಪೋದಲ್ಲಿ ಬೇರೆಯವರ ಗಾಡಿಯಲ್ಲಿ ಡ್ಯೂಟಿ ಬಿದ್ದ ದಿನವೆಲ್ಲ ನನ್ನ ಷರ್ಟಿನ ಗುಂಡಿ ಕಿತ್ತುಹೋಗ್ತಿತ್ತು. ಪಾದರಸ ಒಬ್ಬ ಮಾತ್ರ..." ಅವನು ತೋಳುಗಳನ್ನು ತನ್ನ ಹೊಟ್ಟೆಯ ಅಗಲಕ್ಕೆ ಚಾಚಿ ತೋರಿಸಿದ. "ಇಷ್ಟು. ಇಪ್ಪತ್ತೆರಡು ವರ್ಷ, ಗೋಡೆ ಬದಿ ನಂಗೆ ಇಷ್ಟು ಬಿಟ್ಟೇ ನಿಲ್ಲಿಸಿದ. ಒಂದಿನ ಕೇಳಲಿಲ್ಲ, ಒಂದಿನ ಹೇಳಲಿಲ್ಲ."

ವ್ಯಾನಿನ ಡ್ರೈವರ್ ಪಾಪ, ಮರುಮಾತಾಡದೆ ಗಾಡಿಯನ್ನು ಈಚೆಗೆ ತೆಗೆದು ನಿಲ್ಲಿಸಿದ.

*

ಗುರುವಾರ ಸಂಜೆ ಅವಳು ಬೀಗ ತೆಗೆದು ಒಳಗೆ ಬಂದಾಗ ನಡುಮನೆಯ ತುಂಬ ಖಾಲಿ ಡಬ್ಬಿಗಳು. ಭಾನುವಾರ ಜೊತೆಯಾಗಿ ಕೂತು ಜೋಡಿಸೋಣ, ಅಲ್ಲಿಯವರೆಗೆ ಮುಟ್ಟಬೇಡ ಎಂದು ಮೂರು ಸಲ ಹೇಳಿ ಹೋಗಿದ್ದಳು. ಒಳಕೋಣೆಯ ಬಾಗಿಲಲ್ಲಿ ಅಪ್ಪ ಭೂತಗಾಜು ಹಿಡಿದು ನಿಂತಿದ್ದ. ಮುಖದಲ್ಲಿ ಅವಳು ವರ್ಷಗಳಿಂದ ಕಾಣದ ಒಂದು ಕಳೆ.

"ಬಾ ಬಾ. ಒತ್ತು, ಬಟನ್ ಒತ್ತು."

ಒತ್ತಿದಳು. ಏನೂ ಆಗಲಿಲ್ಲ. ಅಪ್ಪನೇ ಬಂದು ಒತ್ತಿದ. ಗೋಡೆಯ ಸ್ವಿಚ್ಚು ಹಾಕಿ ತೆಗೆದ. ಪ್ಲಗ್ಗು ಕಿತ್ತು ಚುಚ್ಚಿದ. ಮತ್ತೆ ಒತ್ತಿದ.

"ಆಗ ಓಡ್ತು ಮಗಾ. ಈಗ, ಅರ್ಧ ಗಂಟೆ ಹಿಂದೆ."

"ಮುಟ್ಟಬೇಡ ಅಂದಿದ್ನಲ್ಲ."

"ಓಡ್ತು. ಒಂದು ಟ್ರಿಪ್ ಹೊಡೆದು ಬಂದೆ."

"ಯಾವುದೋ ಪಿನ್ ಮುರಿದಿದೀಯ. ಇಲ್ಲ ಏನೋ ತಿರುಗಾಮುರುಗಾ ಹಾಕಿ ಸುಟ್ಟಿದೀಯ. ಪ್ರೊಸೆಸರ್ ಕೂರಿಸೋವಾಗ ಕಣ್ಣಿಗೆ ಸರಿಯಾಗಿ ಕಾಣ್ತಾ?"

"ಕಾಣ್ತು."

ಅವಳು ಬೆಳಿಗ್ಗೆಯಿಂದ ಗಾಜು ಉಜ್ಜಿ ಬಂದಿದ್ದಳು. ತಲೆ ಸಿಡಿಯುತ್ತಿತ್ತು. ಒಂದು ವರ್ಷದ ಕನಸು ಮೇಜಿನ ಕೆಳಗೆ ಸತ್ತುಬಿದ್ದಿತ್ತು. ಆ ಮಾತು ಹೊರಗೆ ಬರುವಾಗಲೇ ಅವಳಿಗೆ ಅದರ ಹರಿತ ಗೊತ್ತಾಯಿತು, ಆದರೂ ತಡೆಯಲಿಲ್ಲ.

"ನೀನು ಮೊದಲಿಂದಲೂ ಹೀಗೇ ಅಪ್ಪ. ಕಾಣದ್ದನ್ನೆಲ್ಲ ಕಂಡೆ ಅಂತೀಯ."

ಅಪ್ಪ ಭೂತಗಾಜನ್ನು ಮೇಜಿನ ಮೇಲಿಟ್ಟ. ಇಟ್ಟದ್ದು ಅಂಚಿನಾಚೆ; ಅದು ಕೆಳಗೆ ಬಿತ್ತು. ಬಗ್ಗಿ ಹುಡುಕಿದ. ಪಕ್ಕದಲ್ಲೇ ಇತ್ತು, ಕಾಣಲಿಲ್ಲ. ಅವಳೇ ಎತ್ತಿಕೊಟ್ಟಳು. ಅವನ ಕೈ ಮುಟ್ಟದ ಹಾಗೆ ಎತ್ತಿಕೊಟ್ಟಳು.

"ನಾಳೆ ಅಂಗಡಿಗೆ ಹೋಗಿ ಕೇಳ್ತೀನಿ," ಅಂದ ಅಪ್ಪ. "ಆದ್ರೆ ಓಡ್ತು ಮಗಾ."

*

"ಈ ಕೀ ತೆಗೆದಿದೀಯ ಸರಿ, ಮೇನ್ ಸ್ವಿಚ್ ಆಫ್ ಮಾಡಿದೀಯಾ?" ನಿವೃತ್ತ ಡ್ರೈವರ್ ವ್ಯಾನಿನವನನ್ನು ಕೇಳುತ್ತಿದ್ದ. ನೀರು ಕೇಳಿದ್ದರೆಂದು ಅವಳು ಮತ್ತೆ ಕೆಳಗೆ ಬಂದಿದ್ದಳು. ಒಂದೂಮುಕ್ಕಾಲು.

"ಯಾವ ಮೇನು ಸಾರ್?"

"ನೋಡಿದ್ಯಾ, ಇವನಿಗೆ ಮೇನೇ ಗೊತ್ತಿಲ್ಲ! ದೊಡ್ಡ ಗಾಡಿಯಲ್ಲಿ ಬ್ಯಾಟರಿಗೆ ಬೇರೆ ಸ್ವಿಚ್ ಇರುತ್ತೆ ಮಾರಾಯ. ಡ್ರೈವರ್ ಸೀಟಿನ ಹಿಂದೆ, ಕೆಳಗೆ. 'ಟಕ್' ಅಂತ ಆಫ್ ಮಾಡಿ ಇಳೀಬೇಕು."

"ಪಾದರಸನ ಮುಂದೆ ಹೇಳ್ಬೇಕಿತ್ತು ನೀನು ಈ ಮಾತು," ಚಿಲ್ಲರೆ ಮಾವ ಲೋಟ ತೆಗೆದುಕೊಳ್ಳುತ್ತ ಅಂದ. "ಮಗಳೇ, ಇದು ಕೇಳು. ಒಂದಿನ ಡಿಪೋದಲ್ಲಿ ಮೆಕ್ಯಾನಿಕ್ಕುಗಳ ಸ್ಟ್ರೈಕು. ಬೆಳಿಗ್ಗೆ ನಮ್ಮ ಗಾಡಿ ಸ್ಟಾರ್ಟ್ ಆಗಲ್ಲ. ನಿಮ್ಮಪ್ಪ ಬಾನೆಟ್ ತೆಗೆದ, ಕೆಳಗೆ ಮಲಗಿದ, ವೈರೆಲ್ಲ ಎಳೆದು ನೋಡಿದ. ಮುಕ್ಕಾಲು ಗಂಟೆ! ಪ್ರಯಾಣಿಕರು ನನ್ನ ಜೀವ ತಿಂತಿದಾರೆ. ಕೊನೆಗೆ ನಾನು ಹೋಗಿ ನೋಡ್ತೀನಿ, ಸೀಟಿನ ಹಿಂದೆ ಮೇನ್ ಆಫ್ ಇದೆ. ಯಾರಯ್ಯ ಆಫ್ ಮಾಡಿದ್ದು ಅಂದ್ರೆ, ನಿಮ್ಮಪ್ಪನೇ, ಹಿಂದಿನ ಸಂಜೆ!"

"ಅವನಿಗೆ ನೆನಪಿರಲಿಲ್ವಾ?" ವ್ಯಾನಿನವನು ಕೇಳಿದ.

"ಅವನ ಕೈ ಮಾಡಿದ ಕೆಲಸ ತಲೆಗೆ ಎಲ್ಲಿ ಗೊತ್ತಾಗ್ತಿತ್ತು? ಇಳಿಯೋವಾಗ ಆಫ್ ಮಾಡೋದು ಡ್ರೈವರ್ ಕೆಲಸ. ಬೆಳಿಗ್ಗೆ ಬಂದು ಆನ್ ಮಾಡೋದು ಮೆಕ್ಯಾನಿಕ್ ಕೆಲಸ. ಮೂವತ್ತೊಂದು ವರ್ಷ ಇವನು ಆಫ್ ಮಾಡಿದಾನೆಯೇ ಹೊರತು ಒಂದೇ ಒಂದಿನ ಆನ್ ಮಾ..."

ತಟ್ಟೆಯನ್ನು ಅವಳು ವ್ಯಾನಿನ ಬಾನೆಟ್ಟಿನ ಮೇಲಿಟ್ಟಳು. ಲೋಟಗಳು ಒಂದಕ್ಕೊಂದು ತಾಗಿ ಗಲಗಲ ಎಂದವು. ಅವಳಾಗಲೇ ಮೆಟ್ಟಿಲಲ್ಲಿದ್ದಳು.

"ಏನಾಯ್ತು? ಮಗಳೇ!"

ಎರಡೆರಡು ಮೆಟ್ಟಿಲು ಹಾರಿ ಹತ್ತಿದಳು. ನಡುಮನೆಯಲ್ಲಿ ಅತ್ತೆ, "ಗಾಡಿಯವರು ಮೇಲೆ ಬರ್ತಾರೆ, ಬಾ ಇಲ್ಲಿ ನಿಂತ್ಕೊ," ಎಂದು ಕೈ ಹಿಡಿಯಲು ಬಂದವಳು ಗಾಳಿಯನ್ನು ಹಿಡಿದಳು. ಒಳಕೋಣೆಯಲ್ಲಿ ಅವಳು ಮತ್ತೆ ಮೇಜಿನ ಕೆಳಗೆ ಮಲಗಿದಳು. ಈ ಸಲ ಗಾಜಿನ ಕಡೆ ನೋಡಲಿಲ್ಲ. ಕ್ಯಾಬಿನೆಟ್ಟಿನ ಬೆನ್ನಿಗೂ ಗೋಡೆಗೂ ನಡುವೆ ತೋಳು ತೂರಿಸಿದಳು. ಕಣ್ಣಿಗೆ ಕಾಣುವ ಜಾಗವಲ್ಲ ಅದು. ಅಪ್ಪನಿಗೂ ಕಂಡಿರಲಿಲ್ಲ, ಅವನ ಬೆರಳಿಗೆ ಮಾತ್ರ ಗೊತ್ತಿತ್ತು. ವೈರಿನ ದಪ್ಪ ತಲೆ ಸಿಕ್ಕಿತು. ಅದರ ಪಕ್ಕದಲ್ಲಿ, ಪವರ್ ಸಪ್ಲೈಯ ಬೆನ್ನ ಮೇಲೆ, ಒಂದು ಉಗುರಿನಷ್ಟು ಸಣ್ಣ ಸ್ವಿಚ್ಚು.

ಟಕ್.

ಈಚೆಗೆ ಬಂದು ಬಟನ್ ಒತ್ತಿದಳು.

ಮೊದಲು ಫ್ಯಾನುಗಳ ಸುಯ್ಯೆನ್ನುವ ಉಸಿರು. ಆಮೇಲೆ ಅವಳ ಮುಖದ ಹತ್ತಿರವೇ ಏನೋ ಕದಲಿತು. ಅವಳು ಬೆಚ್ಚಿ ಹಿಂದೆ ಸರಿದಳು. ಸ್ಟೀರಿಂಗು ತಾನೇ ತಿರುಗುತ್ತಿತ್ತು. ಎಡಕ್ಕೆ, ಇನ್ನೂ ಎಡಕ್ಕೆ, ತಿರುಗಲಾರದಷ್ಟು ಎಡಕ್ಕೆ. ಅಲ್ಲಿಂದ ಬಲಕ್ಕೆ, ಕೊನೆಯವರೆಗೆ. ಮತ್ತೆ ನಡುವಿಗೆ ಬಂದು ನೆಟ್ಟಗೆ ನಿಂತಿತು. ಅದರ ಮೇಲಿನ ಹಳದಿ ಬಟ್ಟೆ ಆಚೆಗೊಮ್ಮೆ ಈಚೆಗೊಮ್ಮೆ ಓಲಾಡಿ, ಬೀಳದೆ ಅಲ್ಲೇ ಉಳಿಯಿತು.

"ಅಮ್ಮಾ ತಾಯಿ, ಏನದು?" ಬಾಗಿಲಲ್ಲಿ ಚಿಲ್ಲರೆ ಮಾವ. ಮೂರು ಮಹಡಿ ಹತ್ತಿ ಬಂದ ಏದುಸಿರು. ಅವನ ಬೆನ್ನ ಹಿಂದೆ ಅತ್ತೆ.

"ಹಾಗೇ ಅದು ಮಾವ. ಶುರುವಾಗೋವಾಗ ಒಂದ್ಸಲ ಎರಡೂ ಕಡೆ ತಿರುಗಿ ನೋಡ್ಕೊಳುತ್ತೆ," ಎಂದಳು. ತನ್ನ ದನಿ ತನಗೇ ಬೇರೆ ಯಾರದೋ ಅನಿಸಿತು.

ಪರದೆ ಬೆಳಗಿತು. ಆಟದ ಮೊದಲ ಪುಟದಲ್ಲಿ ಎರಡೇ ಸಾಲು: ಹೊಸದಾಗಿ ಆರಂಭಿಸಿ, ನಿಲ್ಲಿಸಿದಲ್ಲಿಂದ ಮುಂದುವರಿಸಿ. ಎರಡನೆಯ ಸಾಲು ಹೊಳೆಯುತ್ತಿತ್ತು. ನಿಲ್ಲಿಸಿದವರು ಯಾರೋ ಇದ್ದರು. ಅವಳ ಬೆರಳು ಒಂದು ಗಳಿಗೆ ಅಲ್ಲೇ ನಿಂತು, ಒತ್ತಿತು.

ಕೆಳಗೆ ವ್ಯಾನಿನ ಡ್ರೈವರ್ ಸಣ್ಣಗೆ ಒಂದು ಹಾರ್ನು ಹಾಕಿದ. ಯಾರೂ ಅಲ್ಲಾಡಲಿಲ್ಲ.

ಡಿಪೋ ಬಂತು. ಬಿಸಿಲು, ಉದ್ದನೆಯ ಗೋಡೆ, ಸಾಲಾಗಿ ನಿಂತ ಬಸ್ಸುಗಳು. ದೂರದ ಮರಗಳ ಎಲೆಗಳು ಮಸುಕಾಗಿದ್ದವು. ಎಲ್ಲ ಬಸ್ಸುಗಳೂ ಗೋಡೆಗೆ ಮೈ ತಾಗಿಸಿ ನಿಂತಿದ್ದವು, ಕೊನೆಯದೊಂದನ್ನು ಬಿಟ್ಟು. ಅದರ ನೆತ್ತಿಯ ಬೋರ್ಡಿನಲ್ಲಿ ಹದಿನಾರು ಎಂದಿತ್ತು. ಒಳಗೆ ಯಾರೂ ಇರಲಿಲ್ಲ. ಗೋಡೆಯ ಬದಿಯ ಬಾಗಿಲು ತೆರೆದಿತ್ತು.

ಚಿಲ್ಲರೆ ಮಾವ ಮೆಲ್ಲಗೆ ಮುಂದೆ ಬಂದು ಬಗ್ಗಿದ. ಚಿಕ್ಕ ಪರದೆಗೆ ಮುಖ ಹತ್ತಿರ ತಂದು, ತನ್ನ ದಪ್ಪ ತೋರುಬೆರಳನ್ನು ಆ ತೆರೆದ ಬಾಗಿಲಿನ ಹತ್ತಿರ ಇಟ್ಟ. ಬಸ್ಸಿಗೂ ಗೋಡೆಗೂ ನಡುವೆ, ಹೊಟ್ಟೆ ದೊಡ್ಡದಾದ ಒಬ್ಬ ಮನುಷ್ಯ ಷರ್ಟಿನ ಗುಂಡಿ ಕೀಳಿಸಿಕೊಳ್ಳದೆ ಇಳಿಯುವಷ್ಟು ಜಾಗ ಬಿಟ್ಟಿತ್ತು. ಅಲ್ಲಿ ನೆಲದ ಮೇಲೆ ಬಿಸಿಲು ಬಿದ್ದಿತ್ತು.